ಐವತ್ತಕ್ಕೆ ಎಷ್ಟು?

ಪರಿಮಳಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಲ್ಲಿ ಕೂರುವ ಹದಕ್ಕೆ 5, ಒಟ್ಟಂದಕ್ಕೆ 10. ಕೂಡಿದರೆ 50. ಬಿಯರ್ ಸ್ಪರ್ಧೆಗಳ ತೀರ್ಪುಗಾರರಿಗೆ ಪರೀಕ್ಷೆ ನಡೆಸಿ ದರ್ಜೆ ಕೊಡುವ ‘ಬಿಯರ್ ಜಡ್ಜ್ ಸರ್ಟಿಫಿಕೇಷನ್ ಪ್ರೋಗ್ರಾಂ’ ಎಂಬ ಸಂಸ್ಥೆ 1985ರಲ್ಲಿ ಅಮೆರಿಕದಲ್ಲಿ ಹುಟ್ಟಿತು. ಚುಟುಕಾಗಿ ಬಿಜೆಸಿಪಿ. ಮೇಲಿನದು ಅದರ ಅಂಕಪಟ್ಟಿಯ ವಿಂಗಡಣೆ. 45 ದಾಟಿದ ಬಿಯರ್ ಅಪರೂಪದ್ದು. 38ರಿಂದ 44 ಬಂದರೆ ಬಲು ಚೆಂದ, 30ರಿಂದ 37 ಬಂದರೆ ಚೆನ್ನ. 20ರ ಕೆಳಗೆ ಇಳಿದರೆ ಎಲ್ಲೋ ಎಡವಟ್ಟಾಗಿದೆ ಎಂದರ್ಥ. ಎಷ್ಟೇ ಕೆಟ್ಟಿದ್ದರೂ 13ಕ್ಕಿಂತ ಕಡಿಮೆ ಕೊಡದಿರುವುದು ತೀರ್ಪುಗಾರರ ಸೌಜನ್ಯದ ರೂಢಿ.

ಲೆಕ್ಕ ಇಷ್ಟು ಅಚ್ಚುಕಟ್ಟಾಗಿರುವಾಗಲೇ ಅನುಮಾನ ಏಳಬೇಕು. ಬಿಯರಿನ ಬಣ್ಣ ಅಳೆಯಲು ಯಂತ್ರವಿದೆ, ಕಹಿ ಅಳೆಯಲು ಯಂತ್ರವಿದೆ, ಆಲ್ಕೋಹಾಲು, ಆಮ್ಲ, ಅನಿಲ ಎಲ್ಲಕ್ಕೂ ಇದೆ. ಗ್ಯಾಸ್ ಕ್ರೊಮ್ಯಾಟೊಗ್ರಫಿಯ ಉಪಕರಣ ಪರಿಮಳದ ನೂರಾರು ಅಣುಗಳನ್ನು ಬಿಡಿಬಿಡಿಯಾಗಿ ಗುರುತಿಸಿ ಪಟ್ಟಿ ಕೊಡುತ್ತದೆ. ಹಾಗಿದ್ದೂ ದೊಡ್ಡ ದೊಡ್ಡ ಬ್ರೂವರಿಗಳು ಮನುಷ್ಯರ ಕೈಗೆ ಲೋಟ ಕೊಟ್ಟು ‘ಹೇಗಿದೆ?’ ಎಂದು ಕೇಳುವುದನ್ನು ಬಿಟ್ಟಿಲ್ಲ. ಯಂತ್ರದ ಕೈಗೆ ಸಿಗದ ಯಾವುದು ನಾಲಿಗೆಗೆ ಸಿಗುತ್ತದೆ? ಸಿಕ್ಕಿದ್ದನ್ನು ಅದು ನೆಟ್ಟಗೆ ಹೇಳುತ್ತದೆ ಎಂದು ನಂಬುವುದು ಹೇಗೆ?

ಈ ಎರಡು ಪ್ರಶ್ನೆಗಳಿಗೆ ಆಂಬರ್ ಏಲ್ ಎಂಬ ತಾಮ್ರಬಣ್ಣದ ಬಿಯರಿನಷ್ಟು ಒಳ್ಳೆಯ ಒರೆಗಲ್ಲು ಇನ್ನೊಂದಿಲ್ಲ. ಐಪಿಎ ಬಗೆಯ ಬಿಯರಿನಲ್ಲಿ ಹಾಪ್ ಹೂವಿನ ಕಹಿಯದೇ ದರ್ಬಾರು. ಸ್ಟೌಟ್‌ನಲ್ಲಿ ಕಪ್ಪಗೆ ಹುರಿದ ಧಾನ್ಯದ ಕಮರು ಮುಂದೆ ನಿಲ್ಲುತ್ತದೆ. ಆಂಬರ್ ಏಲ್‌ನಲ್ಲಿ ಹೀಗೆ ಎದ್ದು ಕೂಗುವ ಗುಣ ಯಾವುದೂ ಇಲ್ಲ. ಮಾಲ್ಟಿನ ಸಿಹಿ, ಹಾಪಿನ ಕಹಿ ಎರಡೂ ಹೆಚ್ಚುಕಮ್ಮಿ ಸರಿಸಮ ನಿಲ್ಲಬೇಕು. ಹದ ತಪ್ಪಿದರೆ ಮರೆಮಾಚಲು ಬೇರೇನೂ ಇರುವುದಿಲ್ಲ.

ಹಾಪ್‌ಲ್ಯಾಂಡಿನ ಗಿಡುಗ

ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿಷೇಧವಿತ್ತು. ಅದು ತೆರವಾದ ಮೇಲೂ ಸಣ್ಣ ಬ್ರೂವರಿಗಳು ಚೇತರಿಸಿಕೊಳ್ಳಲಿಲ್ಲ. ಕೆಲವೇ ಕಂಪನಿಗಳ ತೆಳುಬಣ್ಣದ, ತೆಳುರುಚಿಯ ಲಾಗರ್ ದೇಶವನ್ನೆಲ್ಲ ಆವರಿಸಿತು. ನೌಕಾಪಡೆಯಲ್ಲಿದ್ದಾಗ ಸ್ಕಾಟ್ಲೆಂಡಿನ ಏಲ್‌ಗಳ ರುಚಿ ಹತ್ತಿಸಿಕೊಂಡಿದ್ದ ಜ್ಯಾಕ್ ಮೆಕಾಲಿಫ್ 1976ರಲ್ಲಿ ಕ್ಯಾಲಿಫೋರ್ನಿಯಾದ ಸೊನೋಮಾದಲ್ಲಿ ‘ನ್ಯೂ ಆಲ್ಬಿಯನ್’ ಎಂಬ ಪುಟ್ಟ ಬ್ರೂವರಿ ಕಟ್ಟಿದರು. ಹೆಸರು ಬಂತು, ಹಣ ಬರಲಿಲ್ಲ. 1982ರಲ್ಲಿ ಅದು ಮುಚ್ಚಿತು. ಅದರ ಪಾತ್ರೆಪರಡಿ ಮತ್ತು ಯೀಸ್ಟ್ ಎರಡೂ ಉತ್ತರದ ಮೆಂಡೊಸಿನೊ ಕೌಂಟಿಯ ಹಾಪ್‌ಲ್ಯಾಂಡ್ ಎಂಬ ಊರಿಗೆ ಹೋದವು. ಒಂದು ಕಾಲಕ್ಕೆ ಹಾಪ್ ಬೆಳೆಯುತ್ತಿದ್ದ ಊರದು. ಅಲ್ಲಿ 1983ರಲ್ಲಿ ಬಾಗಿಲು ತೆರೆದ ಮೆಂಡೊಸಿನೊ ಬ್ರೂವಿಂಗ್ ಕಂಪನಿಯದು ಪಾನನಿಷೇಧದ ನಂತರ ಕ್ಯಾಲಿಫೋರ್ನಿಯಾ ಕಂಡ ಮೊದಲ ಬ್ರೂಪಬ್. ಅಂದರೆ ಅಲ್ಲೇ ಕುದಿಸಿ, ಹುದುಗಿಸಿ, ಅಲ್ಲೇ ಲೋಟಕ್ಕೆ ಸುರಿಯುವ ಜಾಗ.

ಅವರ ಮುಖ್ಯ ಸರಕು ರೆಡ್ ಟೇಲ್ ಏಲ್. ಲೇಬಲಿನ ಮೇಲೆ ಕೆಂಪು ಬಾಲದ ಗಿಡುಗ, ಒಳಗೆ ತಾಮ್ರದ ಬಣ್ಣದ ಆಂಬರ್ ಏಲ್. ಈ ಶೈಲಿಗೆ ಅಮೆರಿಕದಲ್ಲಿ ದಾರಿ ಹಾಕಿಕೊಟ್ಟ ಮೊದಲಿಗರಲ್ಲಿ ಇದೂ ಒಂದು. 1997ರಲ್ಲಿ ಆ ಕಂಪನಿಯ ಒಡೆತನ ಬೆಂಗಳೂರಿನ ಯುಬಿ ಸಮೂಹದ ಕೈಗೆ ಬಂತು. ಮಿಂಚುಳ್ಳಿಯ ಲಾಂಛನದವರು ಗಿಡುಗವನ್ನು ಕೊಂಡರು. ಅಮೆರಿಕದ ಮಾರುಕಟ್ಟೆಗೆ ಬೇಕಾದ ಕಿಂಗ್‌ಫಿಷರನ್ನೂ ಅದೇ ಕಂಪನಿ ತಯಾರಿಸಿತು. 2018ರಲ್ಲಿ ಕಂಪನಿ ಮುಚ್ಚಿದರೂ ಶೈಲಿ ಉಳಿದಿದೆ. ಬಿಜೆಸಿಪಿಯ ಕೈಪಿಡಿ ಅದಕ್ಕೆ ಅಂಕೆಯ ಬೇಲಿ ಹಾಕಿದೆ: ಆಲ್ಕೋಹಾಲು ಶೇ. 4.5ರಿಂದ 6.2, ಕಹಿ 25ರಿಂದ 40 ಐಬಿಯು, ಬಣ್ಣ 10ರಿಂದ 17 ಎಸ್‌ಆರ್‌ಎಂ. ಈ ಅಂಕೆಗಳು ಏನು ಹೇಳುತ್ತವೆ, ಏನು ಹೇಳುವುದಿಲ್ಲ ಎಂಬುದನ್ನು ಅಂಕಪಟ್ಟಿಯ ಸಾಲು ಹಿಡಿದೇ ನೋಡೋಣ.

ಪರಿಮಳ: 12

ತೀರ್ಪುಗಾರರು ಬಿಯರನ್ನು ಸುರಿದ ಕೂಡಲೇ ಮೂಗಿಗೆ ಹಿಡಿಯುತ್ತಾರೆ. ನೋಡುವುದು ಆಮೇಲೆ. ಬಣ್ಣ ಎಲ್ಲೂ ಓಡಿಹೋಗುವುದಿಲ್ಲ, ಹಗುರ ಅಣುಗಳು ಓಡಿಹೋಗುತ್ತವೆ. ಲೋಟವನ್ನು ಮೂರನೇ ಒಂದು ಭಾಗ ಮಾತ್ರ ತುಂಬಿಸಿ, ಚಿಕ್ಕಚಿಕ್ಕದಾಗಿ ಎರಡು ಮೂರು ಸಲ ಮೂಸಿ, ಕಂಡದ್ದನ್ನು ತಕ್ಷಣ ಬರೆಯುತ್ತಾರೆ. ಒಂದೇ ವಾಸನೆಯಲ್ಲಿ ತುಸು ಹೊತ್ತು ಕಳೆದರೆ ಮೂಗು ಅದನ್ನು ಲೆಕ್ಕಕ್ಕೆ ಹಿಡಿಯುವುದನ್ನೇ ಬಿಡುತ್ತದೆ.

ನಮ್ಮ ಮೂಗಿನೊಳಗೆ ಸುಮಾರು 400 ಬಗೆಯ ವಾಸನಾಗ್ರಾಹಿಗಳಿವೆ. ಅವನ್ನು ರೂಪಿಸುವ ಜೀನ್‌ಗಳ ದೊಡ್ಡ ಕುಟುಂಬವನ್ನು 1991ರಲ್ಲಿ ಪತ್ತೆ ಮಾಡಿದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರಿಗೆ 2004ರ ನೊಬೆಲ್ ಪ್ರಶಸ್ತಿ ಬಂತು. ಒಂದು ಅಣು ಹಲವು ಗ್ರಾಹಿಗಳನ್ನು ತಟ್ಟುತ್ತದೆ, ಒಂದು ಗ್ರಾಹಿ ಹಲವು ಅಣುಗಳಿಗೆ ಓಗೊಡುತ್ತದೆ. ಯಾವ ಯಾವ ಗ್ರಾಹಿಗಳು ಒಟ್ಟಿಗೆ ಮಿಡಿದವು ಎಂಬ ಚಿತ್ತಾರವನ್ನೇ ಮಿದುಳು ‘ವಾಸನೆ’ ಎಂದು ಓದಿಕೊಳ್ಳುತ್ತದೆ.

ಆಂಬರ್ ಏಲ್‌ನಲ್ಲಿ ಆ ಚಿತ್ತಾರ ಮೂರು ಕಡೆಯಿಂದ ಬರುತ್ತದೆ. ಮೊದಲನೆಯದು ಮಾಲ್ಟ್. ರಾಗಿಯನ್ನು ನೆನೆಹಾಕಿ, ಮೊಳಕೆ ಬರಿಸಿ, ಒಣಗಿಸಿ ಮಾಲ್ಟ್ ಮಾಡುವುದು ನಮ್ಮ ಮನೆಗಳಲ್ಲಿ ಗೊತ್ತಿರುವ ಕೆಲಸ. ಬಿಯರಿಗೆ ಬಾರ್ಲಿಯನ್ನೂ ಹಾಗೆಯೇ ಮಾಡುತ್ತಾರೆ. ಆಂಬರಿಗೆ ಬೇಕಾದ ‘ಕ್ರಿಸ್ಟಲ್ ಮಾಲ್ಟ್’ ಎಂಬ ಬಗೆಗೆ ಇನ್ನೊಂದು ಹೆಜ್ಜೆ ಇದೆ. ಮೊಳೆತ ಕಾಳನ್ನು ಹಸಿಯಾಗಿರುವಾಗಲೇ 65ರಿಂದ 70 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಮುಚ್ಚಿಡುತ್ತಾರೆ. ಕಾಳಿನೊಳಗಿನ ಕಿಣ್ವಗಳು ಅಲ್ಲೇ ಪಿಷ್ಟವನ್ನು ಒಡೆದು ಸಕ್ಕರೆ ಮಾಡುತ್ತವೆ. ಆಮೇಲೆ ಶಾಖ ಏರಿಸಿ ಹುರಿದಾಗ ಆ ಸಕ್ಕರೆ ಮತ್ತು ಅಮೈನೋ ಆಮ್ಲಗಳು ಸೇರಿ ಹೊಸ ಅಣುಗಳ ಸಂತೆಯನ್ನೇ ಹುಟ್ಟಿಸುತ್ತವೆ. ಫ್ರಾನ್ಸಿನ ಲೂಯಿ ಕಾಮಿಯ್ ಮಯಾರ್ 1912ರಲ್ಲಿ ವಿವರಿಸಿದ ಕ್ರಿಯೆ ಇದು. ಮಾಲ್ಟಾಲ್, ಫ್ಯುರನಿಯಾಲ್ ಎಂಬ ಅಣುಗಳು ಹೀಗೆ ಬಂದವು. ಬಿಸಿ ಪಾಕದ, ಟಾಫಿಯ, ಬ್ರೆಡ್ಡಿನ ಅಂಚಿನ ಘಮ ಅವುಗಳದು.

ಎರಡನೆಯದು ಹಾಪ್. ಅಮೆರಿಕದ ಆಂಬರಿಗೆ ಮೊದಲಿನಿಂದ ಒಗ್ಗಿದ ತಳಿ ಕ್ಯಾಸ್ಕೇಡ್. ಅಮೆರಿಕದ ಕೃಷಿ ಇಲಾಖೆಯೂ ಓರೆಗಾನ್ ಸ್ಟೇಟ್ ವಿಶ್ವವಿದ್ಯಾಲಯವೂ ಬೆಳೆಸಿ 1972ರಲ್ಲಿ ಬಿಡುಗಡೆ ಮಾಡಿದ ತಳಿ ಅದು. ಲಿನಲೂಲ್, ಜೆರೇನಿಯಾಲ್ ಮುಂತಾದ ಅಣುಗಳ ಹೂವಿನ ಘಮದ ಜೊತೆ ಗ್ರೇಪ್‌ಫ್ರೂಟ್ ಹಣ್ಣಿನ ಸಿಪ್ಪೆಯ ಚುರುಕೂ ಅದರಲ್ಲಿದೆ. ಆ ಹಣ್ಣನ್ನು ನೋಡದವರು ಚಕ್ಕೋತದ ಸಿಪ್ಪೆಯನ್ನು ಉಗುರಿನಿಂದ ಕೆರೆದು ಮೂಸಬಹುದು. ಗ್ರೇಪ್‌ಫ್ರೂಟ್ ಚಕ್ಕೋತಕ್ಕೂ ಕಿತ್ತಳೆಗೂ ಹುಟ್ಟಿದ ಮಿಶ್ರತಳಿಯೇ. ಮೂರನೆಯದು ಯೀಸ್ಟ್. ಏಲ್ ಹುದುಗುವುದು 20 ಡಿಗ್ರಿಯ ಆಸುಪಾಸಿನಲ್ಲಿ, ಲಾಗರಿಗಿಂತ ಬೆಚ್ಚಗೆ. ಆ ಬಿಸುಪಿನಲ್ಲಿ ಯೀಸ್ಟ್ ಹಣ್ಣಿನ ವಾಸನೆಯ ಎಸ್ಟರ್‌ಗಳನ್ನು ಹೆಚ್ಚು ಬಿಡುತ್ತದೆ. ಆಂಬರಿಗೆ ಅಮೆರಿಕನ್ನರು ಆರಿಸುವುದು ಈ ವಿಷಯದಲ್ಲಿ ಮಿತಭಾಷಿಯಾದ ಯೀಸ್ಟನ್ನು.

ಮೂಸಿದ್ದಕ್ಕೆಲ್ಲ ಒಬ್ಬೊಬ್ಬರು ಒಂದೊಂದು ಹೆಸರಿಟ್ಟರೆ ಅಂಕಪಟ್ಟಿ ನಡೆಯುವುದಿಲ್ಲ. 1970ರ ದಶಕದಲ್ಲಿ ಮಾರ್ಟನ್ ಮೈಲ್‌ಗಾರ್ಡ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಬಿಯರಿನ ರುಚಿ ವಾಸನೆಗಳನ್ನೆಲ್ಲ ಒಂದು ಚಕ್ರದಲ್ಲಿ ಜೋಡಿಸಿದರು. ಆ ಚಕ್ರದ ಒಂದೊಂದು ಮನೆಗೂ ಆದಷ್ಟು ಮಟ್ಟಿಗೆ ಒಂದು ರಾಸಾಯನಿಕದ ಆಧಾರವಿದೆ. ‘ಬೆಣ್ಣೆ’ ಎಂದರೆ ಡೈಅಸಿಟೈಲ್, ‘ಹಸಿ ಸೇಬು’ ಎಂದರೆ ಅಸೆಟಾಲ್ಡಿಹೈಡ್, ‘ಬೇಯಿಸಿದ ಜೋಳ’ ಎಂದರೆ ಡೈಮೀಥೈಲ್ ಸಲ್ಫೈಡ್. ಕಲಿಯುವವರಿಗೆ ಒಳ್ಳೆಯ ಬಿಯರಿನಲ್ಲಿ ಇವನ್ನು ಒಂದೊಂದಾಗಿ ಬೆರೆಸಿ ಕೊಟ್ಟು ಗುರುತು ಹಿಡಿಸುತ್ತಾರೆ. ತಕ್ಕಡಿಗೆ ಸರಕಾರದ ಮುದ್ರೆ ಬೀಳುವ ಹಾಗೆ ಮೂಗಿಗೂ ಮುದ್ರೆ ಬೀಳುವುದು ಇಲ್ಲಿ.

ನೋಟ: 3

ಐವತ್ತರಲ್ಲಿ ಕಣ್ಣಿಗೆ ಸಿಕ್ಕಿದ್ದು ಬರೀ ಮೂರು ಅಂಕ. ಅದು ಜಿಪುಣತನವಲ್ಲ, ಮುಂಜಾಗ್ರತೆ.

ಬಣ್ಣ ಅಳೆಯುವ ಚರಿತ್ರೆಯಲ್ಲಿ ಬಿಯರಿಗೂ ಪಾಲಿದೆ. ಇಂಗ್ಲೆಂಡಿನ ಜೋಸೆಫ್ ಲವಿಬಾಂಡ್ ಬ್ರೂವರಿ ಮನೆತನದವರು. ತಮ್ಮ ಬಿಯರಿನ ಬಣ್ಣವನ್ನು ಗಾಜಿನ ಬಣ್ಣದ ಬಿಲ್ಲೆಗಳ ಜೊತೆ ಹೋಲಿಸಿ ಅಂಕೆ ಕೊಡುವ ಟಿಂಟೋಮೀಟರನ್ನು 1880ರ ದಶಕದಲ್ಲಿ ರೂಪಿಸಿದರು. ಮಾಲ್ಟ್ ಚೀಲಗಳ ಮೇಲೆ ಇಂದಿಗೂ ‘ಲವಿಬಾಂಡ್’ ಅಂಕೆ ಇರುತ್ತದೆ. ಇಂದಿನ ಎಸ್‌ಆರ್‌ಎಂಗೆ ಕಣ್ಣೇ ಬೇಡ. 430 ನ್ಯಾನೋಮೀಟರ್ ತರಂಗದ ನೀಲಿ ಬೆಳಕನ್ನು ಒಂದು ಸೆಂಟಿಮೀಟರ್ ಬಿಯರಿನ ಮೂಲಕ ಹಾಯಿಸಿ, ಅದು ಹೀರಿದ ಪ್ರಮಾಣವನ್ನು 12.7ರಿಂದ ಗುಣಿಸಿದರಾಯಿತು. ನೀಲಿಯನ್ನು ಹೆಚ್ಚು ಹೀರಿದಷ್ಟೂ ದ್ರವ ಹಳದಿಯಿಂದ ಜೇನಿಗೆ, ಜೇನಿನಿಂದ ತಾಮ್ರಕ್ಕೆ ಹೊರಳುತ್ತದೆ.

ಕಣ್ಣಿನ ಅಪಾಯವೇನೆಂದರೆ ಅದು ಮೂಗಿಗೆ ಮೊದಲೇ ಕಿವಿಯೂದುತ್ತದೆ. 2001ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಬೋರ್ಡೋ ನಗರದ ಸಂಶೋಧಕರು ವೈನ್ ಶಾಸ್ತ್ರದ 54 ವಿದ್ಯಾರ್ಥಿಗಳಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿದ ಬಿಳಿ ವೈನ್ ಕೊಟ್ಟರು. ಅದನ್ನು ವರ್ಣಿಸಲು ಅವರು ಬಳಸಿದ್ದು ಕೆಂಪು ವೈನಿನ ಮಾತುಗಳನ್ನು. ತಾಮ್ರದ ಬಣ್ಣ ಕಂಡವರಿಗೂ ಹಾಗೆಯೇ ಪಾಕದ ಘಮ ತಾನೇ ತಾನಾಗಿ ಹೊಳೆಯಬಹುದು. ಮೊದಲು ಮೂಸಿ, ಬರೆದು, ಆಮೇಲೆ ಲೋಟವನ್ನು ಬೆಳಕಿಗೆ ಹಿಡಿಯುವ ಪದ್ಧತಿಗೆ ಇದೂ ಒಂದು ಸಮರ್ಥನೆ.

ನೊರೆಯೂ ನೋಟದ ಲೆಕ್ಕಕ್ಕೇ ಸೇರುತ್ತದೆ. ಬಾರ್ಲಿಯ ಪ್ರೋಟೀನುಗಳು ಗುಳ್ಳೆಗೆ ಗೋಡೆ ಕಟ್ಟುತ್ತವೆ, ಹಾಪಿನ ಕಹಿ ಅಣುಗಳು ಆ ಗೋಡೆಗಳನ್ನು ಬಿಗಿಯುತ್ತವೆ. ಲೋಟದಲ್ಲಿ ಎಣ್ಣೆಯ ಪಸೆ ಉಳಿದಿದ್ದರೆ ಎಲ್ಲ ಕುಸಿಯುತ್ತದೆ. ಎಷ್ಟೋ ಸಲ ನೊರೆಯ ಅಂಕ ಹೋಗುವುದು ಬಿಯರಿನ ತಪ್ಪಿನಿಂದಲ್ಲ, ಪಾತ್ರೆ ತೊಳೆದವರ ತಪ್ಪಿನಿಂದ.

ರುಚಿ: 20

ಒಂದು ಗುಟುಕು ಬಾಯಲ್ಲಿ ಹರಡಿ, ನುಂಗಿ, ಮೂಗಿನಿಂದ ಉಸಿರು ಬಿಡಬೇಕು. ಆ ಉಸಿರಿನ ಜೊತೆ ಬಾಯೊಳಗಿನ ಅಣುಗಳು ಗಂಟಲ ಹಿಂಬದಿಯಿಂದ ಮೂಗಿಗೆ ಏರುತ್ತವೆ. ನೆಗಡಿಯಾದಾಗ ಊಟ ಸಪ್ಪೆಯಾಗುವುದು ಈ ಹಿಂಬಾಗಿಲು ಮುಚ್ಚುವುದರಿಂದಲೇ. ವೈನ್ ಪರೀಕ್ಷಕರು ಉಗುಳುತ್ತಾರೆ; ಬಿಯರಿನವರು ನುಂಗುತ್ತಾರೆ, ಕಹಿ ನಿಧಾನವಾಗಿ ಏರಿ ಗಂಟಲಿನ ತನಕ ಉಳಿಯುವುದರಿಂದ. ಕೊಡುವುದು ಎರಡು ಮೂರು ಔನ್ಸ್ ಮಾತ್ರ. ಆಲ್ಕೋಹಾಲು ತಲೆಗೇರಿದ ಮೇಲೆ ಕೊಟ್ಟ ಅಂಕಕ್ಕೆ ಬೆಲೆಯಿಲ್ಲ.

ಕಹಿ ಬರುವುದು ಹಾಪಿನ ಆಲ್ಫಾ ಆಮ್ಲಗಳಿಂದ. ಹಸಿಯಾಗಿ ಅವು ಅಷ್ಟು ಕರಗುವುದಿಲ್ಲ, ಅಷ್ಟು ಕಹಿಯೂ ಅಲ್ಲ. ಬಾರ್ಲಿಯ ರಸದಲ್ಲಿ ಗಂಟೆಯ ಕಾಲ ಕುದಿದಾಗ ಅಣುವಿನ ಕಟ್ಟೋಣ ಮಾರ್ಪಟ್ಟು ಐಸೋ ಆಲ್ಫಾ ಆಮ್ಲಗಳಾಗುತ್ತವೆ. ಮನುಷ್ಯನಿಗಿರುವ ಸುಮಾರು 25 ಬಗೆಯ ಕಹಿ ಗ್ರಾಹಿಗಳಲ್ಲಿ ಮೂರು ಇವಕ್ಕೆ ಸ್ಪಂದಿಸುತ್ತವೆ ಎಂದು 2009ರ ಸಂಶೋಧನೆ ತೋರಿಸಿತು. ಪ್ರಯೋಗಾಲಯದವರು ಇವನ್ನು ದ್ರಾವಕದಲ್ಲಿ ಹಿಂಡಿ ತೆಗೆದು, 275 ನ್ಯಾನೋಮೀಟರಿನ ಅತಿನೇರಳೆ ಬೆಳಕು ಹಾಯಿಸಿ, ಹೀರಿದ್ದನ್ನು 50ರಿಂದ ಗುಣಿಸುತ್ತಾರೆ. ಬಂದದ್ದೇ ಐಬಿಯು. ಒಂದು ಐಬಿಯು ಎಂದರೆ ಲೀಟರಿಗೆ ಸರಿಸುಮಾರು ಒಂದು ಮಿಲಿಗ್ರಾಂ ಕಹಿ.

ಯಂತ್ರ ಕೈಚೆಲ್ಲುವ ಜಾಗ ಇಲ್ಲಿ ಸಿಗುತ್ತದೆ. 35 ಐಬಿಯು ಇರುವ ಎರಡು ಬಿಯರ್ ತೆಗೆದುಕೊಳ್ಳಿ. ಒಂದರಲ್ಲಿ ಸಿಹಿ ಪೂರ್ತಿ ಹುದುಗಿ ಹೋಗಿದೆ, ಇನ್ನೊಂದರಲ್ಲಿ ಕ್ರಿಸ್ಟಲ್ ಮಾಲ್ಟಿನ ಸಿಹಿ ಉಳಿದಿದೆ. ಯಂತ್ರಕ್ಕೆ ಎರಡೂ ಒಂದೇ. ಬಾಯಿಗೆ ಮೊದಲನೆಯದು ಚುರುಕು ಕಹಿ, ಎರಡನೆಯದು ಮೆತ್ತಗೆ. ಸಿಹಿ ಹೋಗಿ ಕಹಿಯ ಅಣುವನ್ನೇನೂ ಒಡೆದಿಲ್ಲ. ಲೋಟದಲ್ಲಿ ಎರಡೂ ಹಾಗೇ ಇವೆ. ಒಂದನ್ನೊಂದು ತಗ್ಗಿಸುವ ಕೆಲಸ ಬಹುಪಾಲು ನಮ್ಮ ನರಮಂಡಲದಲ್ಲಿ ನಡೆಯುತ್ತದೆ. ಬ್ರೂವರಿಯವರು ಇದಕ್ಕೂ ಒಂದು ಸೂತ್ರ ಹುಡುಕಿದ್ದಾರೆ: ಐಬಿಯುವನ್ನು ಹುದುಗುವ ಮುಂಚಿನ ರಸದ ಸಾಂದ್ರತೆಯ ಅಂಕೆಯಿಂದ ಭಾಗಿಸುವುದು. ಸಾಂದ್ರತೆ 1.050 ಇದ್ದರೆ ಅಂಕೆ 50. ಐಬಿಯು 30 ಇದ್ದರೆ ಅನುಪಾತ 0.6. ಅಡುಗೆ ಶುರು ಮಾಡುವ ಮುಂಚೆ ಅಂದಾಜಿಗೆ ಇದು ಒದಗುತ್ತದೆ. ಕೊನೆಗೆ ಎಷ್ಟು ಸಿಹಿ ಉಳಿಯಿತು, ಎಷ್ಟು ಅನಿಲ ಸೇರಿತು, ಯಾವ ತಂಪಿನಲ್ಲಿ ಬಡಿಸಿದರು ಎಂಬುದು ಅದಕ್ಕೆ ಗೊತ್ತಿಲ್ಲ. ಹದ ಎಂಬ ಗುಣ ಲೋಟದಲ್ಲಿ ಅರ್ಧ ಇದೆ, ತಲೆಯೊಳಗೆ ಅರ್ಧ ಇದೆ. ಅದನ್ನು ಅಳೆಯುವ ಉಪಕರಣಕ್ಕೆ ತಲೆಯೊಂದು ಇರಲೇಬೇಕು.

ದೋಷಗಳ ವಿಷಯದಲ್ಲೂ ಮೂಗು ನಾಲಿಗೆಗಳು ಯಂತ್ರಕ್ಕೆ ಸೆಡ್ಡು ಹೊಡೆಯುತ್ತವೆ. ಹಳಸಿದ ಬಿಯರಿಗೆ ನೆನೆದ ರಟ್ಟಿನ ವಾಸನೆ ಕೊಡುವ ಟ್ರಾನ್ಸ್-2-ನೊನೆನಾಲ್ ಸಾವಿರ ಕೋಟಿಯಲ್ಲಿ ಒಂದು ಪಾಲಿದ್ದರೂ ಸಾಕು, ಪಳಗಿದವರಿಗೆ ತಿಳಿಯುತ್ತದೆ. ಬಿಸಿಲು ತಾಗಿದ ಬಿಯರಿನಲ್ಲಿ ಕಹಿ ಅಣುವಿನ ಬಾಲ ಮುರಿದು ಗಂಧಕದ ಜೊತೆ ಸೇರಿದಾಗ ಹುಟ್ಟುವ ನಾತಕ್ಕೆ ಅದಕ್ಕಿಂತಲೂ ಕಡಿಮೆ ಸಾಕು. ಬಾಟಲಿಗೆ ಕಂದು ಗಾಜು ಬಂದಿದ್ದು ಆ ಬೆಳಕನ್ನು ತಡೆಯಲೆಂದೇ.

ಬಾಯಿಯ ಹದ: 5

ಬಾರ್ಲಿ ಮಾಲ್ಟಿನ ನುಚ್ಚನ್ನು ಬಿಸಿನೀರಿನಲ್ಲಿ ನೆನೆಸುವಾಗ ಎರಡು ಮೂರು ಡಿಗ್ರಿಯ ವ್ಯತ್ಯಾಸ ಇಲ್ಲಿ ಮಾತಾಡುತ್ತದೆ. 64 ಡಿಗ್ರಿಯ ಸುತ್ತ ಕಿಣ್ವಗಳು ಪಿಷ್ಟವನ್ನು ಯೀಸ್ಟ್ ತಿನ್ನಬಲ್ಲ ಸಣ್ಣ ಸಕ್ಕರೆಯನ್ನಾಗಿ ಹೆಚ್ಚು ಒಡೆಯುತ್ತವೆ; ಬಿಯರ್ ತೆಳ್ಳಗಾಗುತ್ತದೆ. 68ರ ಹತ್ತಿರ ಯೀಸ್ಟಿಗೆ ದಕ್ಕದ ಡೆಕ್ಸ್‌ಟ್ರಿನ್‌ಗಳು ಹೆಚ್ಚು ಉಳಿಯುತ್ತವೆ, ಬಾಯಿಗೆ ತುಂಬಿದಂತಾಗುತ್ತದೆ. ಆಂಬರಿಗೆ ಬೇಕಾದ್ದು ಮಧ್ಯಮ ಮೈ.

ಗುಳ್ಳೆ ಚುರುಗುಟ್ಟುವುದು ಗುಳ್ಳೆ ಒಡೆಯುವುದರಿಂದಷ್ಟೇ ಎಂದುಕೊಳ್ಳುತ್ತೇವೆ. ನಾಲಿಗೆಯ ಮೇಲಿನ ಒಂದು ಕಿಣ್ವ ಇಂಗಾಲದ ಡೈಆಕ್ಸೈಡನ್ನು ಆಮ್ಲವಾಗಿಸಿ ಹುಳಿ ಗ್ರಾಹಿಗಳನ್ನೂ ನೋವಿನ ನರಗಳನ್ನೂ ಕೆಣಕುವುದೇ ಅದರ ಮುಖ್ಯ ಕಾರಣ. ತಂಪಿನದು ಇನ್ನೊಂದು ಆಟ. ಸಿಹಿಯ ಸಂದೇಶ ಸಾಗಿಸುವ ನಾಲಿಗೆಯ ವ್ಯವಸ್ಥೆ ಚಳಿಗೆ ಮಂಕಾಗುತ್ತದೆ, ಪರಿಮಳದ ಅಣುಗಳೂ ಮೇಲೇಳುವುದಿಲ್ಲ. ಫ್ರಿಜ್ಜಿನಿಂದ ಮಂಜುಗಟ್ಟಿದ ಲೋಟದಲ್ಲಿ ಬಂದ ಆಂಬರ್ ಏಲ್ ತನ್ನ ಅರ್ಧ ಮಾಲ್ಟನ್ನು ಬಚ್ಚಿಟ್ಟುಕೊಂಡಿರುತ್ತದೆ. 7ರಿಂದ 12 ಡಿಗ್ರಿಯೊಳಗೆ ಅದರ ಮಾತು ಸ್ಪಷ್ಟ.

ಒಟ್ಟಂದ: 10

ಕೊನೆಯ ಹತ್ತು ಅಂಕ ‘ಇನ್ನೊಂದು ಲೋಟ ಬೇಕೆನಿಸುತ್ತದೆಯೇ?’ ಎಂಬ ಪ್ರಶ್ನೆಗೆ. ಎರಡನೇ ಅನುಮಾನ ತಲೆಯೆತ್ತುವುದೂ ಇಲ್ಲೇ. ಹದ ಅಳೆಯಲು ತಲೆ ಬೇಕು, ಸರಿ. ಆದರೆ ತಲೆಯೊಳಗೆ ಹದದ ಜೊತೆ ಇನ್ನೂ ಏನೇನೋ ಇರುತ್ತದಲ್ಲ?

ಲಿಯೊನಾರ್ಡ್ ಲೀ, ಶೇನ್ ಫ್ರೆಡೆರಿಕ್, ಡ್ಯಾನ್ ಏರಿಯೆಲಿ 2006ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಕನ್ನಡಿ. ಪಬ್ಬಿಗೆ ಬಂದವರಿಗೆ ಎರಡು ಬಿಯರ್ ಕೊಟ್ಟರು: ಒಂದು ಮಾಮೂಲಿ, ಇನ್ನೊಂದಕ್ಕೆ ಕೆಲವು ಹನಿ ಬಾಲ್ಸಮಿಕ್ ವಿನಿಗರ್. ವಿಷಯ ತಿಳಿಯದವರಲ್ಲಿ ಹೆಚ್ಚಿನವರು ವಿನಿಗರ್ ಹಾಕಿದ್ದನ್ನೇ ಮೆಚ್ಚಿದರು. ಕುಡಿಯುವ ಮುಂಚೆಯೇ ತಿಳಿದವರಲ್ಲಿ ಮೆಚ್ಚಿದವರ ಸಂಖ್ಯೆ ಇಳಿಯಿತು. ಸ್ವಾರಸ್ಯವಿರುವುದು ಮೂರನೇ ಗುಂಪಿನಲ್ಲಿ. ಅವರಿಗೆ ಕುಡಿದ ಮೇಲೆ, ಆದರೆ ಅಂಕ ಕೊಡುವ ಮುಂಚೆ ತಿಳಿಸಿದರು. ಅವರ ಉತ್ತರ ಏನೂ ತಿಳಿಯದವರ ಉತ್ತರದಂತೆಯೇ ಇತ್ತು. ಅಂದರೆ ‘ವಿನಿಗರ್’ ಎಂಬ ಸುದ್ದಿ ಕೊನೆಯ ತೀರ್ಪನ್ನು ತಿದ್ದುವುದಿಲ್ಲ. ಮೊದಲೇ ಸಿಕ್ಕರೆ ರುಚಿಯನ್ನೇ ತಿದ್ದುತ್ತದೆ. ಅಲ್ಲಿಗೆ ಬ್ರಾಂಡ್, ಬೆಲೆ, ಪಕ್ಕದವರ ಹುಬ್ಬು ಯಾವುದೂ ನಿರಪಾಯವಲ್ಲ. ಸ್ಪರ್ಧೆಗಳಲ್ಲಿ ಲೇಬಲ್ ಮರೆಮಾಡಿ ಬರೀ ಸಂಖ್ಯೆ ಕೊಡುವುದೂ, ಬರೆದು ಮುಗಿಯುವ ತನಕ ತೀರ್ಪುಗಾರರು ತುಟಿ ಬಿಚ್ಚದಿರುವುದೂ ಇದಕ್ಕಾಗಿ.

ಲೇಬಲ್ ಮುಚ್ಚಿದರೂ ಮನುಷ್ಯ ತನ್ನ ಜೊತೆ ತಾನೇ ಒಪ್ಪದಿರಬಹುದು. ಸಮುದ್ರವಿಜ್ಞಾನದ ನಿವೃತ್ತ ಪ್ರಾಧ್ಯಾಪಕ, ವೈನ್ ತಯಾರಕ ರಾಬರ್ಟ್ ಹಾಡ್ಜ್‌ಸನ್ ಕ್ಯಾಲಿಫೋರ್ನಿಯಾ ಸ್ಟೇಟ್ ಫೇರ್ ಸ್ಪರ್ಧೆಯಲ್ಲಿ ಒಂದೇ ಬಾಟಲಿಯ ವೈನನ್ನು ತೀರ್ಪುಗಾರರಿಗೆ ಗೊತ್ತಾಗದಂತೆ ಮೂರು ಸಲ ಬಡಿಸಿ ನೋಡಿದರು. ಮೂರೂ ಸಲ ಒಂದೇ ಪದಕದ ವರ್ಗದೊಳಗೆ ಅಂಕ ಕೊಟ್ಟವರು ಹತ್ತಕ್ಕೆ ಒಬ್ಬರು. 2008ರಲ್ಲಿ ಈ ಫಲಿತಾಂಶ ಪ್ರಕಟವಾದಾಗ ವೈನ್ ಲೋಕ ಮುಖ ಸಿಂಡರಿಸಿತು. ಬಿಯರಿನವರು ನಗುವ ಹಾಗಿಲ್ಲ. ಮೂಗು ನಾಲಿಗೆ ಅವರದೂ ಅಂಥದ್ದೇ.

ಇದಕ್ಕೆ ಮದ್ದು ಹುಡುಕಿದವರಲ್ಲಿ ಬ್ರೂವರಿಯವರೇ ಮುಂದೆ. ಡಬ್ಲಿನ್ನಿನ ಗಿನ್ನೆಸ್ ಬ್ರೂವರಿಯಲ್ಲಿ ಕೆಲಸಕ್ಕಿದ್ದ ವಿಲಿಯಂ ಗಾಸೆಟ್, ನಾಲ್ಕಾರು ಮಾದರಿ ಮಾತ್ರ ಕೈಯಲ್ಲಿದ್ದಾಗ ಎಷ್ಟು ನಂಬಬಹುದು ಎಂಬ ಲೆಕ್ಕವನ್ನು 1908ರಲ್ಲಿ ‘ಸ್ಟೂಡೆಂಟ್’ ಎಂಬ ಹೆಸರಿನಲ್ಲಿ ಪ್ರಕಟಿಸಿದರು. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಓದಿದವರಿಗೆಲ್ಲ ಗೊತ್ತಿರುವ ಟಿ-ಟೆಸ್ಟ್ ಅದು. 1940ರ ದಶಕದಲ್ಲಿ ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಬ್ರೂವರಿಯವರು ತ್ರಿಕೋನ ಪರೀಕ್ಷೆಯನ್ನು ರೂಢಿಗೆ ತಂದರು. ಮೂರು ಲೋಟ, ಎರಡರಲ್ಲಿ ಒಂದೇ ಬಿಯರ್, ಒಂದರಲ್ಲಿ ಬೇರೆ, ಬೇರೆಯದು ಯಾವುದು? ಕಣ್ಣುಮುಚ್ಚಿ ಊಹಿಸಿದರೂ ಮೂರಕ್ಕೊಂದು ಸಲ ಸರಿಯಾಗುತ್ತದೆ. ಹಾಗಾಗಿ ಒಬ್ಬರ ಒಂದು ಉತ್ತರಕ್ಕೆ ಅರ್ಥವಿಲ್ಲ. ಹತ್ತಾರು ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬೇರೆಯದನ್ನೇ ಎತ್ತಿ ಹಿಡಿದರೆ, ಆಗ ವ್ಯತ್ಯಾಸ ನಿಜವಾಗಿ ಲೋಟದಲ್ಲಿದೆ. ಬಿಜೆಸಿಪಿ ಮೇಜಿನಲ್ಲೂ ಇದೇ ಎಚ್ಚರ. ಒಂದು ಬಿಯರಿಗೆ ಕನಿಷ್ಠ ಇಬ್ಬರು. ಅವರ ಅಂಕಗಳ ನಡುವೆ ಏಳಕ್ಕಿಂತ ಹೆಚ್ಚು ಅಂತರ ಬಂದರೆ ಮತ್ತೆ ಸವಿದು, ಚರ್ಚಿಸಿ ಹತ್ತಿರ ಬರಬೇಕು.

ಹೀಗಾಗಿ ಒಂದು ಆಂಬರ್ ಏಲ್‌ಗೆ 34 ಬಂತು, ಇನ್ನೊಂದಕ್ಕೆ 36 ಬಂತು ಎಂದರೆ ಎರಡನೆಯದು ಮೇಲು ಎಂದು ಬಾಜಿ ಕಟ್ಟುವವರು ಹಣ ಕಳೆದುಕೊಳ್ಳುತ್ತಾರೆ. 22 ಮತ್ತು 36ರ ನಡುವಿನ ಅಂತರ ಮಾತ್ರ ನಂಬತಕ್ಕದ್ದು. ಮನುಷ್ಯನೆಂಬ ಉಪಕರಣದ ಸೂಕ್ಷ್ಮತೆ ಅಷ್ಟು, ಅದರ ನಡುಕ ಇಷ್ಟು. ಎರಡನ್ನೂ ಒಪ್ಪಿಕೊಂಡಾಗ ಅಂಕಪಟ್ಟಿ ಉಪಯೋಗಕ್ಕೆ ಬರುತ್ತದೆ.

ಆ ಪಟ್ಟಿಯಲ್ಲಿ ಅಂಕದ ಚೌಕ ಚಿಕ್ಕದು, ಅದರ ಪಕ್ಕದ ಖಾಲಿ ಗೆರೆಗಳೇ ಹೆಚ್ಚು. ಅವನ್ನು ಖಾಲಿ ಬಿಡುವ ತೀರ್ಪುಗಾರರಿಗೆ ಒಳ್ಳೆಯ ಹೆಸರಿಲ್ಲ. ‘29’ ಎಂಬ ಅಂಕೆ ನೋಡಿ ಬಿಯರ್ ಮಾಡಿದವರು ಏನು ತಾನೇ ಮಾಡಿಯಾರು? ‘ಪಾಕದ ಘಮ ಚೆನ್ನಾಗಿದೆ, ಹಿಂದೆಯೇ ಬೆಣ್ಣೆ ಬರುತ್ತಿದೆ, ಯೀಸ್ಟಿನ ಜೊತೆ ಇನ್ನೆರಡು ದಿನ ಬೆಚ್ಚಗೆ ಬಿಡಿ’ ಎಂದು ಬರೆದರೆ ಕೆಲಸ ಶುರುವಾಗುತ್ತದೆ. ತಾನು ಬಿಟ್ಟ ಡೈಅಸಿಟೈಲನ್ನು ಯೀಸ್ಟ್ ತಾನೇ ಮರಳಿ ಹೀರಿಕೊಳ್ಳುತ್ತದೆ, ಸಮಯ ಕೊಟ್ಟರೆ. ‘ಕಹಿ ಕೊನೆಯಲ್ಲಿ ಒರಟು, ಮಾಲ್ಟ್ ಅದನ್ನು ತಡೆಯುತ್ತಿಲ್ಲ’ ಎಂದರೆ ಮುಂದಿನ ಕುದಿಯಲ್ಲಿ ಹಾಪ್ ತಗ್ಗಿಸಬಹುದು, ಇಲ್ಲವೇ ನೆನೆಸುವ ನೀರನ್ನು ಎರಡು ಡಿಗ್ರಿ ಏರಿಸಬಹುದು. ಬಣ್ಣ, ಕಹಿ, ಆಲ್ಕೋಹಾಲು ಮೂರೂ ಬೇಲಿಯೊಳಗೇ ಇವೆ ಎಂದು ಯಂತ್ರ ಮುದ್ರೆ ಒತ್ತಿದ ಬಿಯರಿಗೂ ಈ ಎರಡು ಸಾಲು ಬೇಕಾಗಬಹುದು. ಅವನ್ನು ಬರೆಯಲು ಪಳಗಿದ ಬಾಯಿಯೇ ಆಗಬೇಕು.